ಪ್ರವಾಸಿ ಟ್ರೇಲರ್‌ಗೆ ಯಾವ ಟೈರು? ಪದೇ ಪದೇ ಕೇಳುವ ಪ್ರಶ್ನೆಗಳು

ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಟ್ರೇಲರನ್ನು ವಾಹನದ ಹಿಂದೆ ಎಳೆದುಕೊಂಡು ಊರೂರು ಸುತ್ತುವವರು ನಾಲ್ಕು ಜನ ಸೇರಿದರೆ ಟೈರಿನ ಮಾತು ಬಂದೇ ಬರುತ್ತದೆ. ಹೀಗೆ ಮಾತಿನ ನಡುವೆ ಬಂದ, ಪತ್ರಗಳಲ್ಲಿ ಬಂದ, ಟೈರು ಕೆಟ್ಟು ರಸ್ತೆ ಬದಿಯಲ್ಲಿ ನಿಂತವರು ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಕೂಡಿಸಿದ್ದೇನೆ. ಎಸ್‌ಟಿ (ಟ್ರೇಲರ್ ಟೈರು), ಎಲ್‌ಟಿ (ಸಣ್ಣ ಟ್ರಕ್‌ನ ಟೈರು) ಎಂಬ ವಿಂಗಡಣೆ ಉತ್ತರ ಅಮೆರಿಕದ್ದು. ಹಾಗಾಗಿ ಭಾರಕ್ಕೆ ಅಲ್ಲಿನ ಪೌಂಡ್, ಗಾಳಿಯ ಒತ್ತಡಕ್ಕೆ ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್) ಲೆಕ್ಕವನ್ನೇ ಬಳಸಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಟೈರು ಎಂದರೆ ಟೈರೇ ಅಲ್ಲವೇ? ಟ್ರೇಲರ್‌ಗೆಂದು ಬೇರೆ ಯಾಕೆ?

ಕಾರಿನ ಟೈರು ಎಳೆಯುತ್ತದೆ, ತಿರುಗಿಸುತ್ತದೆ, ತಡೆಯುತ್ತದೆ, ಜೊತೆಗೆ ಒಳಗೆ ಕುಳಿತವರ ಮೈ ಕುಲುಕದಂತೆ ನೋಡಿಕೊಳ್ಳುತ್ತದೆ. ಟ್ರೇಲರ್ ಟೈರಿಗೆ ಎಳೆಯುವ ಕೆಲಸವೂ ಇಲ್ಲ, ತಿರುಗಿಸುವ ಕೆಲಸವೂ ಇಲ್ಲ. ಅದು ಭಾರ ಹೊತ್ತು ಹಿಂದೆ ಉರುಳಬೇಕು, ಪಕ್ಕಕ್ಕೆ ಓಲಾಡಬಾರದು. ಅದಕ್ಕಾಗಿಯೇ ಎಸ್‌ಟಿ ಟೈರಿನ ಪಕ್ಕೆಗಳನ್ನು ಬಿಗಿಯಾಗಿ ಕಟ್ಟಿರುತ್ತಾರೆ. ಎಸ್‌ಟಿ ಎಂದರೆ ಸ್ಪೆಷಲ್ ಟ್ರೇಲರ್, ಎಲ್‌ಟಿ ಎಂದರೆ ಲೈಟ್ ಟ್ರಕ್, ಪಿ ಎಂದರೆ ಪ್ಯಾಸೆಂಜರ್ ಕಾರು.

ಇನ್ನೊಂದು ವ್ಯತ್ಯಾಸ ಟೈರಿನಲ್ಲಿಲ್ಲ, ನಮ್ಮಲ್ಲಿದೆ. ಕಾರಿನ ಟೈರು ಕೆಡುತ್ತಿದ್ದರೆ ಸ್ಟೀರಿಂಗ್ ಹಿಡಿದ ಕೈಗೆ ತಿಳಿಯುತ್ತದೆ. ಟ್ರೇಲರ್ ಟೈರು ನರಳುತ್ತಿದ್ದರೆ ಮುಂದೆ ಕುಳಿತವರಿಗೆ ಏನೂ ತಿಳಿಯುವುದಿಲ್ಲ. ಹಿಂದಿನಿಂದ ಬಂದ ವಾಹನದವರು ದೀಪ ಮಿಟುಕಿಸಿ ಕೈ ತೋರಿಸುವ ಹೊತ್ತಿಗೆ ಟೈರಿನ ಕಥೆ ಮುಗಿದಿರುತ್ತದೆ. ಆದ್ದರಿಂದ ಟ್ರೇಲರ್ ಟೈರನ್ನು ಆರಿಸುವಾಗಲೇ ಹೆಚ್ಚು ಎಚ್ಚರ ಬೇಕು.

ಟೈರಿನ ಮೇಲೆ ಇಷ್ಟುದ್ದ ಬರೆದಿದ್ದಾರಲ್ಲ, ಅದನ್ನು ಓದುವುದು ಹೇಗೆ?

ಎಸ್‌ಟಿ205/75ಆರ್15 ಎಂದಿದೆ ಎನ್ನಿ. ಎಸ್‌ಟಿ ಎಂಬುದು ಜಾತಿ. 205 ಎಂಬುದು ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 75 ಎಂದರೆ ಪಕ್ಕೆಯ ಎತ್ತರ ಆ ಅಗಲದ ಶೇಕಡಾ 75. ಆರ್ ಎಂದರೆ ರೇಡಿಯಲ್, ಒಳಗಿನ ದಾರಗಳು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರವಾಗಿ ಹಾಯುವ ಟೈರು. ಅದೇ ಜಾಗದಲ್ಲಿ ಡಿ ಇದ್ದರೆ ಬಯಾಸ್, ದಾರಗಳು ಓರೆಯಾಗಿ ಹಾಯುವ ಟೈರು. 15 ಎಂಬುದು ರಿಮ್‌ನ ವ್ಯಾಸ, ಇಂಚಿನಲ್ಲಿ.

ಇದರ ಆಚೆ 107 ಎಂ ಎಂಬಂಥ ಗುರುತಿರುತ್ತದೆ. 107 ಎಂಬುದು ಭಾರದ ಸೂಚ್ಯಂಕ, ಅಂದರೆ 975 ಕಿಲೋ. ಎಂ ಎಂಬುದು ವೇಗದ ಮಿತಿ. ಇವೆಲ್ಲಕ್ಕಿಂತ ನನಗೆ ಮುಖ್ಯವೆನಿಸುವುದು ಸಣ್ಣ ಅಕ್ಷರದಲ್ಲಿ ಬರೆದ ಒಂದು ಸಾಲು: ಗರಿಷ್ಠ ಭಾರ ಇಷ್ಟು ಪೌಂಡ್, ತಣ್ಣಗಿರುವಾಗ ಇಷ್ಟು ಪಿಎಸ್‌ಐ ಗಾಳಿಯಲ್ಲಿ. ಟಾರ್ಚ್ ಹಿಡಿದು ನೆಲಕ್ಕೆ ಕುಳಿತು ಆ ಸಾಲನ್ನು ಒಮ್ಮೆ ಓದಿ, ಬರೆದಿಟ್ಟುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಅದರಿಂದಲೇ ಶುರುವಾಗುತ್ತದೆ.

ಹತ್ತು ಪ್ಲೈ ಎಂದರೆ ಒಳಗೆ ಹತ್ತು ಪದರ ಇರುತ್ತದೆಯೇ?

ಇರುವುದಿಲ್ಲ. ಹತ್ತಿಯ ನೂಲಿನಿಂದ ಟೈರು ಕಟ್ಟುತ್ತಿದ್ದ ಕಾಲದ ಲೆಕ್ಕ ಅದು. ಹೆಸರು ಉಳಿದುಕೊಂಡಿದೆ ಅಷ್ಟೆ. ಈಗಿನ ದಾರ ಗಟ್ಟಿಯಾದ್ದರಿಂದ ಎರಡೋ ಮೂರೋ ಪದರದಲ್ಲೇ ಆ ಬಲ ಬರುತ್ತದೆ. ಬಿ ಎಂದರೆ 4 ಪ್ಲೈ, ಸಿ ಎಂದರೆ 6, ಡಿ ಎಂದರೆ 8, ಇ ಎಂದರೆ 10. ಈ ಅಕ್ಷರವನ್ನು ಭಾರದ ಶ್ರೇಣಿ ಎನ್ನುತ್ತಾರೆ.

ಶ್ರೇಣಿ ನಿಜವಾಗಿ ಹೇಳುವುದು ಟೈರು ಎಷ್ಟು ಗಾಳಿ ತಡೆದುಕೊಳ್ಳುತ್ತದೆ ಎಂಬುದನ್ನು. ಸಾಮಾನ್ಯ ಅಳತೆಯ ಎಸ್‌ಟಿ ಟೈರುಗಳಲ್ಲಿ ಸಿ ಶ್ರೇಣಿಗೆ 50 ಪಿಎಸ್‌ಐ, ಡಿ ಶ್ರೇಣಿಗೆ 65, ಇ ಶ್ರೇಣಿಗೆ 80. ಭಾರ ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. ಎಸ್‌ಟಿ225/75ಆರ್15 ಟೈರನ್ನೇ ನೋಡಿ: ಸಿ ಆದರೆ 2150 ಪೌಂಡ್, ಡಿ ಆದರೆ 2540, ಇ ಆದರೆ 2830. ಆದರೆ ಇ ಟೈರು ಕೊಂಡು ಅದಕ್ಕೆ 50 ಪಿಎಸ್‌ಐ ಮಾತ್ರ ತುಂಬಿದರೆ ಅದು ಹೊರುವುದು ಸಿ ಟೈರಿನ 2150 ಪೌಂಡನ್ನೇ. ದುಡ್ಡು ಕೊಟ್ಟು ಬಲವಾದ ಟೈರು ತಂದು, ಹಳೆಯ ಅಭ್ಯಾಸದಂತೆ ಹಳೆಯಷ್ಟೇ ಗಾಳಿ ಹಾಕಿಸಿಕೊಂಡು ಹೋಗುವವರನ್ನು ಬಹಳ ಕಂಡಿದ್ದೇನೆ.

ಅಂಗಡಿಯಲ್ಲಿ ಹೊಸ ಟೈರು ಎಂದು ಕೊಟ್ಟರು. ನಿಜವಾಗಿ ಹೊಸದೇ ಎಂದು ನೋಡುವುದು ಹೇಗೆ?

ಪಕ್ಕೆಯ ಮೇಲೆ ಡಿಒಟಿ ಎಂದು ಶುರುವಾಗುವ ಗುರುತಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಕೆಲವು ಟೈರುಗಳಲ್ಲಿ ಈ ಪೂರ್ತಿ ಗುರುತು ಒಂದು ಪಕ್ಕೆಯಲ್ಲಿ ಮಾತ್ರ ಇರುತ್ತದೆ. ಆ ಪಕ್ಕೆ ಒಳಗಡೆಗೆ ಬಂದರೆ ಟ್ರೇಲರ್ ಕೆಳಗೆ ತೂರಿ ನೋಡಬೇಕಾಗುತ್ತದೆ. ಆದ್ದರಿಂದ ರಿಮ್‌ಗೆ ಹಾಕುವ ಮುಂಚೆಯೇ ನೋಡಿ. ಗೋದಾಮಿನಲ್ಲಿ ಎರಡು ವರ್ಷ ಕಳೆದ ಟೈರು ಬಂದರೆ ಮುಲಾಜಿಲ್ಲದೆ ಬೇರೆಯದು ಕೇಳಿ.

## ತೂಕದ ಲೆಕ್ಕ

ನನ್ನ ಟ್ರೇಲರ್‌ಗೆ ಎಷ್ಟು ಭಾರ ಹೊರುವ ಟೈರು ಬೇಕು ಎಂದು ತಿಳಿಯುವುದು ಹೇಗೆ?

ತೂಗಿಸಿ. ಕರಪತ್ರದಲ್ಲಿ ಬರೆದ ಖಾಲಿ ತೂಕ, ಮಾರಿದವರು ಹೇಳಿದ ತೂಕ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ನೀರು ತುಂಬಿ, ಪಾತ್ರೆ ಪರಡಿ, ಬಟ್ಟೆಬರೆ, ಬ್ಯಾಟರಿ, ಗ್ಯಾಸ್ ಸಿಲಿಂಡರ್ ಎಲ್ಲವನ್ನೂ ಪ್ರವಾಸಕ್ಕೆ ಹೊರಟಂತೆಯೇ ತುಂಬಿಕೊಂಡು ವೇಬ್ರಿಡ್ಜ್‌ಗೆ ಹೋಗಿ. ಎಳೆಯುವ ವಾಹನಕ್ಕೆ ಕೊಂಡಿ ಹಾಕಿದ್ದಂತೆಯೇ ಟ್ರೇಲರ್‌ನ ಚಕ್ರಗಳು ಮಾತ್ರ ತಕ್ಕಡಿಯ ಮೇಲೆ ಬರುವಂತೆ ನಿಲ್ಲಿಸಿದರೆ ಟೈರುಗಳ ಮೇಲಿನ ನಿಜವಾದ ಭಾರ ಸಿಗುತ್ತದೆ. ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಕೊಂಡಿಯ ಮೂಲಕ ಎಳೆಯುವ ವಾಹನದ ಮೇಲೆ ಕೂರುತ್ತದೆ, ಅದು ಈ ಲೆಕ್ಕಕ್ಕೆ ಬರುವುದಿಲ್ಲ.

ನನ್ನ ಅನುಭವ ಹೇಳುತ್ತೇನೆ. ನನ್ನ ಎರಡು ಆಕ್ಸಲ್‌ಗಳ, ಅಂದರೆ ಎರಡು ಅಡ್ಡ ಅಚ್ಚು, ನಾಲ್ಕು ಚಕ್ರಗಳ ಟ್ರೇಲರ್‌ಗೆ ಎಸ್‌ಟಿ205/75ಆರ್15, ಸಿ ಶ್ರೇಣಿಯ ಟೈರುಗಳು ಬಂದಿದ್ದವು. ಒಂದೊಂದು 1820 ಪೌಂಡ್, ನಾಲ್ಕು ಸೇರಿ 7280. ಮೂರನೆಯ ಬೇಸಿಗೆಯಲ್ಲಿ ಎಡಗಡೆಯ ಹಿಂದಿನ ಟೈರಿನ ಮೇಲ್ಪದರ ಕಿತ್ತು ಬಂತು. ಬೀಸುವ ಬೆಲ್ಟಿನಂತೆ ಹೊಡೆದು ಮಡ್‌ಗಾರ್ಡ್ ಹರಿದು ಹಾಕಿತು, ನೆಲದಡಿಯ ನೀರಿನ ಪೈಪನ್ನೂ ಮುರಿಯಿತು. ಮೊಳೆ ಚುಚ್ಚಿರಲಿಲ್ಲ, ಗಾಳಿಯೂ ಬೆಳಿಗ್ಗೆ ಸರಿಯಾಗಿತ್ತು. ಆಮೇಲೆ ತೂಗಿಸಿದೆ. ಆಕ್ಸಲ್‌ಗಳ ಮೇಲೆ 6900 ಪೌಂಡ್. ಮಿತಿಯ ಒಳಗೇ ಇದೆಯಲ್ಲ ಎಂದುಕೊಂಡೆ. ಆದರೆ ಎಡಗಡೆಯ ಚಕ್ರಗಳನ್ನು ಮಾತ್ರ ತಕ್ಕಡಿಗೆ ಹತ್ತಿಸಿ ನೋಡಿದಾಗ ಚೀಟಿಯಲ್ಲಿ 3650 ಎಂದು ಬಂತು. ಬಲಗಡೆ 3250. ಅಡುಗೆಯ ಒಲೆ, ಫ್ರಿಜ್, ನೀರಿನ ತೊಟ್ಟಿ ಎಲ್ಲ ಒಂದೇ ಬದಿಗಿದ್ದವು. ಎಡಗಡೆಯ ಎರಡು ಟೈರು ಸೇರಿ ಹೊರಬಹುದಾದದ್ದು 3640. ಅಂದರೆ ಒಟ್ಟು ಲೆಕ್ಕ ಸರಿಯಿದ್ದರೂ ಒಂದು ಬದಿ ಮೂರು ವರ್ಷ ಮಿತಿ ಮೀರಿಯೇ ಓಡಿತ್ತು.

ಅದೇ ಅಳತೆಯ ಡಿ ಶ್ರೇಣಿಗೆ ಬದಲಾಯಿಸಿದೆ. ಒಂದೊಂದು 2150, ನಾಲ್ಕು ಸೇರಿ 8600. ಈಗ ಒಟ್ಟಿನಲ್ಲಿ ಶೇಕಡಾ 20ರಷ್ಟು, ಭಾರದ ಬದಿಯಲ್ಲಿ ಶೇಕಡಾ 15ರಷ್ಟು ಉಳಿಕೆ ಇದೆ. ಯಾರು ಕೇಳಿದರೂ ನಾನು ಹೇಳುವುದು ಇದನ್ನೇ: ಹೆಚ್ಚು ಭಾರದ ಬದಿಯ ಟೈರಿನಲ್ಲಿ ಕನಿಷ್ಠ ಶೇಕಡಾ 15 ಉಳಿಕೆ ಇರಲಿ. ಟೈರಿನ ಜಾತಿ ಯಾವುದು ಎಂಬ ಚರ್ಚೆ ಅದಾದ ಮೇಲೆ.

ಟ್ರೇಲರ್‌ಗೆ ಅಂಟಿಸಿದ ಫಲಕದಲ್ಲಿ ಟೈರಿನ ಅಳತೆ, ಗಾಳಿ ಎಲ್ಲ ಬರೆದಿದೆ. ಅಷ್ಟು ಸಾಲದೇ?

ಆ ಫಲಕ ಕನಿಷ್ಠ ಮಟ್ಟವನ್ನು ಹೇಳುತ್ತದೆ. ಅದಕ್ಕಿಂತ ಕಡಿಮೆ ಬಲದ ಟೈರು ಎಂದಿಗೂ ಬೇಡ. ಅದಕ್ಕಿಂತ ಹೆಚ್ಚಿನದಕ್ಕೆ ಅಡ್ಡಿಯಿಲ್ಲ, ರಿಮ್ ಒಪ್ಪಿದರೆ.

## ಜಾತಿಯ ಆಯ್ಕೆ

ಎಸ್‌ಟಿಯೋ ಎಲ್‌ಟಿಯೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ತಲೆ ಕೆಟ್ಟುಹೋಗಿದೆ.

ಇಬ್ಬರೂ ಹೇಳುವುದರಲ್ಲಿ ಅರ್ಧರ್ಧ ಸತ್ಯವಿದೆ, ಅದಕ್ಕೇ ಜಗಳ ಮುಗಿಯುವುದಿಲ್ಲ.

ಎಸ್‌ಟಿ ಪರವಾದ ಮಾತು: ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿ ಅದು ಹೆಚ್ಚು ಭಾರ ಹೊರುತ್ತದೆ. ಎಸ್‌ಟಿ235/80ಆರ್16, ಇ ಶ್ರೇಣಿ, 80 ಪಿಎಸ್‌ಐನಲ್ಲಿ 3520 ಪೌಂಡ್. ಎಲ್‌ಟಿ235/85ಆರ್16, ಅದೇ ಇ ಶ್ರೇಣಿ, ಅದೇ 80 ಪಿಎಸ್‌ಐ, ಕೊಂಚ ಎತ್ತರವೂ ಹೆಚ್ಚು. ಆದರೆ ಹೊರುವುದು 3042. ನಿಮ್ಮದು 7000 ಪೌಂಡಿನ ಎರಡು ಆಕ್ಸಲ್ ಇರುವ ಟ್ರೇಲರ್ ಆಗಿದ್ದರೆ ನಾಲ್ಕು ಎಸ್‌ಟಿ ಟೈರು 14080 ಪೌಂಡಿಗೆ ಬರುತ್ತವೆ, ನಾಲ್ಕು ಎಲ್‌ಟಿ 12168ಕ್ಕೆ ನಿಲ್ಲುತ್ತವೆ. ಅಲ್ಲಿಗೆ ಎಲ್‌ಟಿಯ ಮಾತು ಮುಗಿಯಿತು.

ಎಲ್‌ಟಿ ಪರವಾದ ಮಾತು: ಆ ಹೆಚ್ಚಿನ ಭಾರವನ್ನು ಎಸ್‌ಟಿಗೆ ಕೊಟ್ಟಿರುವುದು ಅದು ನಿಧಾನವಾಗಿ ಓಡುತ್ತದೆ ಎಂಬ ಲೆಕ್ಕದಲ್ಲಿ. ಗಂಟೆಗೆ 65 ಮೈಲಿ, ಅಂದರೆ ಸುಮಾರು 105 ಕಿಲೋಮೀಟರ್, ಎಂಬುದು ಬಹುಕಾಲ ಎಸ್‌ಟಿ ಟೈರುಗಳ ಮಿತಿಯಾಗಿತ್ತು. ಎಲ್‌ಟಿ ಟೈರು ದಿನವಿಡೀ ಹೆದ್ದಾರಿಯಲ್ಲಿ ಓಡುವ ಸಣ್ಣ ಟ್ರಕ್‌ಗೆಂದು ಮಾಡಿದ್ದು. ವೇಗದ ಮಿತಿ ಹೆಚ್ಚು, ಎದುರಿಸಿದ ಪರೀಕ್ಷೆಯೂ ಕಠಿಣ. ಟ್ರೇಲರ್ ಹಗುರವಾಗಿದ್ದು, ಎಲ್‌ಟಿ ಹಾಕಿದ ಮೇಲೂ ಹೇಳಿದಷ್ಟು ಉಳಿಕೆ ಸಿಗುವುದಾದರೆ ಅದು ಒಳ್ಳೆಯ ಆಯ್ಕೆ.

ನನ್ನ ತೀರ್ಮಾನ ಹೀಗೆ. 14, 15 ಇಂಚಿನ ರಿಮ್ ಇದ್ದವರಿಗೆ ಸಾಕಷ್ಟು ಭಾರ ಹೊರುವ ಎಲ್‌ಟಿ ಸಿಗುವುದೇ ಅಪರೂಪ. ಅವರು ಚರ್ಚೆ ಬಿಟ್ಟು ಒಂದು ಶ್ರೇಣಿ ಮೇಲಿನ ಒಳ್ಳೆಯ ಎಸ್‌ಟಿ ಹಾಕಿಸಲಿ. 16 ಇಂಚಿನ ರಿಮ್, ಆಕ್ಸಲ್‌ಗೆ 5000 ಪೌಂಡಿಗಿಂತ ಕಡಿಮೆ ಭಾರ, ದೂರದ ಪ್ರಯಾಣ, ಈ ಮೂರೂ ಇರುವವರು ಎಲ್‌ಟಿಯನ್ನು ಧೈರ್ಯವಾಗಿ ಯೋಚಿಸಬಹುದು. ಭಾರ ಅದಕ್ಕಿಂತ ಮೇಲಿದ್ದರೆ ಎಸ್‌ಟಿ.

ಮನೆಯಲ್ಲಿ ಕಾರಿನ ಒಳ್ಳೆಯ ಟೈರುಗಳಿವೆ. ಸಣ್ಣ ಟ್ರೇಲರ್‌ಗೆ ಅವನ್ನೇ ಹಾಕಬಹುದೇ?

ಪಿ ಟೈರನ್ನು ಟ್ರೇಲರ್‌ಗೆ ಹಾಕಿದರೆ ಅದರ ಮೇಲೆ ಬರೆದ ಭಾರವನ್ನು 1.1ರಿಂದ ಭಾಗಿಸಬೇಕು ಎಂಬುದು ಅಮೆರಿಕದ ನಿಯಮ. 1600 ಪೌಂಡ್ ಎಂದಿದ್ದರೆ ಟ್ರೇಲರ್‌ನಲ್ಲಿ 1454 ಮಾತ್ರ. ಪಕ್ಕೆ ಮೆದು ಆದ್ದರಿಂದ ಎತ್ತರದ ಟ್ರೇಲರ್ ಗಾಳಿ ಬೀಸಿದಾಗ ಓಲಾಡುತ್ತದೆ. ಸಾಮಾನು ಸಾಗಿಸುವ ಪುಟ್ಟ ತೆರೆದ ಟ್ರೇಲರ್‌ಗೆ ನಡೆದೀತು. ಮಲಗುವ, ಅಡುಗೆ ಮಾಡುವ ಟ್ರೇಲರ್‌ಗೆ ಬೇಡ.

ರೇಡಿಯಲ್ ಹಾಕಿಸಲೇ, ಬಯಾಸ್ ಹಾಕಿಸಲೇ?

ಹೆದ್ದಾರಿಯಲ್ಲಿ ದೂರ ಹೋಗುವವರಿಗೆ ರೇಡಿಯಲ್. ಅದು ಕಡಿಮೆ ಬಿಸಿಯಾಗುತ್ತದೆ, ನಿಧಾನವಾಗಿ ಸವೆಯುತ್ತದೆ. ಬಯಾಸ್ ಟೈರಿನ ಪಕ್ಕೆ ಗಟ್ಟಿ. ಹತ್ತಿರದ ಹೊಲ, ತೋಟ, ಕಲ್ಲು ದಾರಿಯ ಕೆಲಸಕ್ಕೆ ಅದು ಇಂದಿಗೂ ಸಲ್ಲುತ್ತದೆ. ಒಂದೇ ಟ್ರೇಲರ್‌ನಲ್ಲಿ ಎರಡನ್ನೂ ಬೆರೆಸಬೇಡಿ. ಎರಡರ ವರ್ತನೆ ಬೇರೆಯಾದ್ದರಿಂದ ಟ್ರೇಲರ್ ಒಂದು ಕಡೆಗೆ ಎಳೆಯುತ್ತದೆ. ಸ್ಟೆಪ್ನಿಯೂ ಅದೇ ಜಾತಿಯದ್ದಾಗಿರಲಿ.

ಸಿ ಇಂದ ಡಿ ಅಥವಾ ಇ ಶ್ರೇಣಿಗೆ ಹೋದರೆ ತೊಂದರೆ ಏನಾದರೂ ಇದೆಯೇ?

ಎರಡು ಕಡೆ ನೋಡಬೇಕು. ಮೊದಲು ರಿಮ್. ಅದರ ಹಿಂಬದಿಯಲ್ಲಿ ಗರಿಷ್ಠ ಭಾರವನ್ನು ಸಾಮಾನ್ಯವಾಗಿ ಅಚ್ಚೊತ್ತಿರುತ್ತಾರೆ. ಟೈರು 80 ಪಿಎಸ್‌ಐ ತಡೆದರೂ ರಿಮ್ ತಡೆಯದಿದ್ದರೆ ಪ್ರಯೋಜನವಿಲ್ಲ. ಅಚ್ಚು ಕಾಣದಿದ್ದರೆ ರಿಮ್ ತಯಾರಿಸಿದವರನ್ನು ಕೇಳಿ, ಊಹೆಯ ಮೇಲೆ ಗಾಳಿ ತುಂಬಬೇಡಿ.

ಎರಡನೆಯದು ವಾಲ್ವ್, ಎಲ್ಲರೂ ಮರೆಯುವ ವಸ್ತು. ಕಾರುಗಳಲ್ಲಿ ಕಾಣುವ ರಬ್ಬರಿನ ವಾಲ್ವ್ 65 ಪಿಎಸ್‌ಐವರೆಗೆ ಮಾತ್ರ. ಇ ಶ್ರೇಣಿಗೆ ಹೋಗುವವರು ಹೆಚ್ಚಿನ ಒತ್ತಡದ ವಾಲ್ವ್ ಹಾಕಿಸಲೇಬೇಕು. ನಟ್ ಹಾಕಿ ಬಿಗಿಯುವ ಲೋಹದ ವಾಲ್ವ್ ಆದರೆ ಇನ್ನೂ ಒಳ್ಳೆಯದು. ಟೈರು ಹಾಕುವವರು ಕೇಳದೆ ರಬ್ಬರಿನದನ್ನೇ ಸಿಕ್ಕಿಸಿಬಿಡುತ್ತಾರೆ. ಆದ್ದರಿಂದ ಪಕ್ಕದಲ್ಲಿ ನಿಂತು ನೋಡಿ.

ಗಾಳಿ ಹೆಚ್ಚಾದಷ್ಟೂ ಟ್ರೇಲರ್ ಸ್ವಲ್ಪ ಹೆಚ್ಚು ಕುಲುಕುತ್ತದೆ, ಕಪಾಟಿನ ತಿರುಪುಗಳು ಸಡಿಲವಾಗುತ್ತವೆ. ವರ್ಷಕ್ಕೊಮ್ಮೆ ತಿರುಪು ಬಿಗಿದರೆ ಆಯಿತು.

ಒಂದು ಅಳತೆ ದೊಡ್ಡ ಟೈರು ಹಾಕಬಹುದೇ?

ಜಾಗವಿದ್ದರೆ ಹಾಕಬಹುದು. ಎರಡು ಆಕ್ಸಲ್ ಇರುವಲ್ಲಿ ಮುಂದಿನ, ಹಿಂದಿನ ಟೈರುಗಳ ನಡುವಿನ ಸಂದನ್ನು, ಟೈರಿನ ಮೇಲೆ ಮಡ್‌ಗಾರ್ಡ್‌ವರೆಗಿನ ಸಂದನ್ನು ಅಳೆಯಿರಿ. ನಿಂತಾಗ ಕಾಣುವ ಸಂದು ಗುಂಡಿಗೆ ಇಳಿದಾಗ ಇರುವುದಿಲ್ಲ, ಸ್ಪ್ರಿಂಗ್ ಕುಗ್ಗಿ ಟೈರು ಮೇಲಕ್ಕೆ ಬರುತ್ತದೆ. 235/80ರಿಂದ 235/85ಕ್ಕೆ ಹೋದರೇ ವ್ಯಾಸ 23.5 ಮಿಲಿಮೀಟರ್ ಹೆಚ್ಚಾಗುತ್ತದೆ. ಹೊಸ ಟೈರಿನ ಅಗಲ ನಿಮ್ಮ ರಿಮ್‌ನ ಅಗಲಕ್ಕೆ ಒಪ್ಪುತ್ತದೆಯೇ ಎಂದೂ ನೋಡಿ.

ಯುರೋಪಿನ ಕ್ಯಾರವಾನ್‌ನಲ್ಲಿ, ಅಂದರೆ ಅಲ್ಲಿನ ಪ್ರವಾಸಿ ಟ್ರೇಲರ್‌ನಲ್ಲಿ, 185ಆರ್14ಸಿ ಎಂದಿದೆ. ಇದು ಸಿ ಶ್ರೇಣಿಯೇ?

ಅಲ್ಲ. ಅಲ್ಲಿ ಕೊನೆಯ ಸಿ ಎಂದರೆ ವ್ಯಾಪಾರಿ ವಾಹನಗಳ, ಅಂದರೆ ವ್ಯಾನುಗಳ ಟೈರು. ಭಾರ ತಿಳಿಯಲು 102/100ರಂಥ ಜೋಡಿ ಅಂಕಿ ನೋಡಿ. ಮೊದಲನೆಯದು ಒಂಟಿ ಚಕ್ರಕ್ಕೆ, ಎರಡನೆಯದು ಒಂದೇ ಬದಿಗೆ ಒತ್ತಾಗಿ ಕೂರಿಸಿದ ಜೋಡಿ ಚಕ್ರಕ್ಕೆ. ಕ್ಯಾರವಾನ್‌ಗೆ ಮೊದಲನೆಯದೇ ಲೆಕ್ಕ. 102 ಎಂದರೆ 850 ಕಿಲೋ.

## ಗಾಳಿ, ವೇಗ, ವಯಸ್ಸು

ಎಷ್ಟು ಗಾಳಿ ಹಾಕಿಸಬೇಕು? ಟೈರಿನ ಮೇಲೆ ಬರೆದಷ್ಟೋ, ಸ್ವಲ್ಪ ಕಡಿಮೆಯೋ?

ಎಸ್‌ಟಿ ಟೈರಾದರೆ ಬರೆದಷ್ಟು, ತಣ್ಣಗಿರುವಾಗ. ಗಾಳಿ ಕಡಿಮೆಯಾದರೆ ಪ್ರತಿ ಸುತ್ತಿಗೂ ಪಕ್ಕೆ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಬಿಸಿಯಾಗುತ್ತದೆ, ಬಿಸಿಯಾದ ರಬ್ಬರು ಟೈರಿನೊಳಗಿನ ಉಕ್ಕಿನ ಪದರದಿಂದ ಬಿಡುತ್ತದೆ. ಟ್ರೇಲರ್ ಟೈರು ಸಿಡಿಯುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿಲ್ಲ. ಭಾರಕ್ಕೆ ತಕ್ಕಂತೆ ಗಾಳಿ ಇಳಿಸುವ ಕೋಷ್ಟಕಗಳಿವೆ ನಿಜ. ಭಾರವಾದ ಬದಿಯನ್ನು ತೂಗಿಸಿ, ಸಾಕಷ್ಟು ಉಳಿಕೆ ಇಟ್ಟುಕೊಂಡು ನೋಡುವವರಿಗೆ ಅವು ಸರಿ, ಎಲ್‌ಟಿ ಹಾಕಿದವರಿಗೂ ಉಪಯೋಗಕ್ಕೆ ಬರುತ್ತವೆ. ತೂಗಿಸದವರು ಅವುಗಳ ಹತ್ತಿರ ಹೋಗಬಾರದು.

ತಣ್ಣಗೆ ಎಂದರೆ ಮೂರು ಗಂಟೆಯಾದರೂ ಓಡದೆ ನಿಂತಿರಬೇಕು, ಒಂದು ಬದಿಗೆ ಬಿಸಿಲು ಬಿದ್ದಿರಬಾರದು. ಬೆಳಿಗ್ಗೆ ಹೊರಡುವ ಮುಂಚೆ ನೋಡುವುದು ಎಲ್ಲಕ್ಕಿಂತ ಒಳ್ಳೆಯದು.

ಬೆಳಿಗ್ಗೆ 65 ಇದ್ದದ್ದು ಮಧ್ಯಾಹ್ನ 74 ಆಗಿದೆ. ಗಾಳಿ ಬಿಡಬೇಕೇ?

ಬಿಡಬೇಡಿ. ಬಿಸಿಯಾದಾಗ ಒತ್ತಡ ಏರುವುದು ಸಹಜ. ಉಷ್ಣತೆ 10 ಡಿಗ್ರಿ ಫ್ಯಾರನ್‌ಹೀಟ್ ಏರಿದರೆ ಒತ್ತಡ ಸುಮಾರು ಶೇಕಡಾ 2 ಏರುತ್ತದೆ. ಟೈರು ತಯಾರಿಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡೇ ತಣ್ಣಗಿನ ಮಿತಿ ಬರೆದಿರುತ್ತಾರೆ. ಮಧ್ಯಾಹ್ನ ಬಿಟ್ಟರೆ ಮರುದಿನ ಬೆಳಿಗ್ಗೆ ಟೈರು ಹಸಿದಿರುತ್ತದೆ, ಮತ್ತೆ ಬಿಸಿಯಾಗುತ್ತದೆ. ಗಮನಿಸಬೇಕಾದದ್ದು ನಾಲ್ಕರ ನಡುವಿನ ವ್ಯತ್ಯಾಸವನ್ನು. ಮೂರು 74 ತೋರಿಸಿ ಒಂದೇ ಒಂದು 82 ತೋರಿಸಿದರೆ ಆ ಚಕ್ರದಲ್ಲಿ ಬ್ರೇಕ್ ಹಿಡಿದಿರಬಹುದು, ಬೇರಿಂಗ್ ಒಣಗಿರಬಹುದು, ಭಾರ ಹೆಚ್ಚಿರಬಹುದು.

ನಾನು ಪ್ರತಿ ನಿಲುಗಡೆಯಲ್ಲೂ ಇಳಿದು ಒಂದು ಸುತ್ತು ಬರುತ್ತೇನೆ. ಪ್ರತಿ ಟೈರಿನ ಮೇಲೂ ಅಂಗೈ ಇಟ್ಟು ನೋಡುತ್ತೇನೆ. ಬಿಸಿಲಿನ ಬದಿ ಸ್ವಲ್ಪ ಹೆಚ್ಚು ಬೆಚ್ಚಗಿರುವುದು ಸರಿ. ಅಂಗೈ ಇಡಲಾಗದಷ್ಟು ಸುಡುತ್ತಿದ್ದರೆ ಅಲ್ಲಿಂದ ಮುಂದೆ ಹೋಗುವುದಿಲ್ಲ.

ಎಷ್ಟು ವೇಗದಲ್ಲಿ ಹೋಗಬಹುದು?

ವೇಗದ ಅಕ್ಷರ ನೋಡಿ. ಜೆ ಎಂದರೆ ಗಂಟೆಗೆ 100 ಕಿಲೋಮೀಟರ್, ಎಲ್ 120, ಎಂ 130, ಎನ್ 140. ಎಸ್‌ಟಿ ಟೈರಿನ ಮೇಲೆ ಯಾವ ಅಕ್ಷರವೂ ಇಲ್ಲದಿದ್ದರೆ 105 ಎಂದೇ ತಿಳಿಯಿರಿ. ಎನ್ ಇದೆ ಎಂದು 140ರಲ್ಲಿ ಓಡಿಸುವುದು ತಪ್ಪು. ಆ ಅಕ್ಷರ ಪರೀಕ್ಷಾಲಯದ ಉರುಳೆಯ ಮೇಲೆ, ಸರಿಯಾದ ಗಾಳಿಯಲ್ಲಿ ಸಿಕ್ಕ ಅಂಕ. ಟ್ರೇಲರ್ ಎಳೆಯುವಾಗ 100ರ ಸುಮಾರಿಗೆ ಇರುವುದು ಟೈರಿಗೂ ಒಳ್ಳೆಯದು, ಬ್ರೇಕಿಗೂ ಒಳ್ಳೆಯದು.

ಟೈರು ಇನ್ನೂ ಹೊಸದರಂತಿದೆ. ಆರು ವರ್ಷವಾಯಿತು ಎಂದು ಎಸೆಯಬೇಕೇ?

ಎಸೆಯಬೇಕು. ಈ ಉತ್ತರ ಯಾರಿಗೂ ಇಷ್ಟವಾಗುವುದಿಲ್ಲ, ನನಗೂ ಮೊದಲು ಆಗಿರಲಿಲ್ಲ. ಕಾರಿನ ಟೈರು ಸವೆದು ಹೋಗುತ್ತದೆ. ಟ್ರೇಲರ್ ಟೈರು ಸವೆಯುವ ಮುಂಚೆ ಮುಪ್ಪಾಗುತ್ತದೆ. ರಬ್ಬರಿನಲ್ಲಿ ಬಿಸಿಲು, ಓಜೋನ್ ತಡೆಯುವ ಮೇಣದಂಥ ಪದಾರ್ಥಗಳು ಬೆರೆತಿರುತ್ತವೆ. ಟೈರು ಉರುಳುತ್ತಾ ಬಾಗುತ್ತಿದ್ದರೆ ಅವು ಮೇಲ್ಮೈಗೆ ಬರುತ್ತಿರುತ್ತವೆ. ವರ್ಷದಲ್ಲಿ ಹತ್ತು ತಿಂಗಳು ನಿಂತೇ ಇರುವ ಟ್ರೇಲರ್‌ನಲ್ಲಿ ಅದು ಆಗುವುದಿಲ್ಲ. ಒಳಪದರಗಳ ಅಂಟು ಒಣಗುವುದು ಹೊರಗೆ ಕಾಣುವುದೇ ಇಲ್ಲ.

ನಾಲ್ಕನೆಯ ವರ್ಷದಿಂದ ಪ್ರತಿ ಪ್ರವಾಸಕ್ಕೆ ಮುಂಚೆ ಪಕ್ಕೆಯಲ್ಲಿ ಕೂದಲೆಳೆಯ ಬಿರುಕು, ಮೇಲ್ಮೈಯಲ್ಲಿ ಉಬ್ಬು ಇದೆಯೇ ಎಂದು ನೋಡಿ. ಐದರಲ್ಲಿ ಬದಲಿಸಲು ಹಣ ಹೊಂದಿಸಿ. ಆರು ದಾಟಿಸಬೇಡಿ. ಸ್ಟೆಪ್ನಿಗೂ ಇದೇ ಲೆಕ್ಕ, ಅದು ಒಮ್ಮೆಯೂ ನೆಲ ಮುಟ್ಟಿರದಿದ್ದರೂ ಅಷ್ಟೆ.

ಓಡಿಸದ ತಿಂಗಳುಗಳಲ್ಲಿ ಏನು ಮಾಡಬೇಕು?

ಪೂರ್ತಿ ಗಾಳಿ ತುಂಬಿಸಿ, ಬಿಸಿಲು ಬೀಳದಂತೆ ಟೈರಿಗೆ ಹೊದಿಕೆ ಹಾಕಿ, ಒದ್ದೆ ನೆಲವಾದರೆ ಕೆಳಗೆ ಹಲಗೆ ಇಡಿ. ಹೊಳಪಿಗೆಂದು ಪೆಟ್ರೋಲಿಯಂ ಬೆರೆತ ಎಣ್ಣೆ ಹಚ್ಚಬೇಡಿ.

## ಇನ್ನೂ ಆಳಕ್ಕೆ

ಎರಡು ಆಕ್ಸಲ್ ಇರುವ ಟ್ರೇಲರ್‌ಗಳಲ್ಲೇ ಪದರ ಬಿಡುವುದು ಹೆಚ್ಚು. ಯಾಕೆ?

ಖಾಲಿ ಜಾಗದಲ್ಲಿ ಟ್ರೇಲರನ್ನು ಬಿಗಿಯಾಗಿ ತಿರುಗಿಸುವಾಗ ಕೆಳಗಿಳಿದು ಯಾರಾದರೂ ಟೈರುಗಳನ್ನು ನೋಡಲಿ. ಮುಂದಿನ ಟೈರು ಒಂದು ಕಡೆಗೆ, ಹಿಂದಿನದು ಇನ್ನೊಂದು ಕಡೆಗೆ ಬಾಗಿರುತ್ತದೆ. ರಿಮ್ ಒಂದು ದಿಕ್ಕಿಗೆ, ನೆಲಕ್ಕೆ ಕಚ್ಚಿದ ಟ್ರೆಡ್, ಅಂದರೆ ಟೈರಿನ ಹೊರಮೈ, ಮತ್ತೊಂದು ದಿಕ್ಕಿಗೆ. ಸುಲಭವಾಗಿ ತಿರುಗಬೇಕಾದರೆ ಎಲ್ಲ ಆಕ್ಸಲ್‌ಗಳ ಗೆರೆಗಳೂ ತಿರುವಿನ ನಡುಬಿಂದುವಿನಲ್ಲಿ ಕೂಡಬೇಕು. ಒಂದಕ್ಕೊಂದು ಸಮಾನಾಂತರವಾಗಿ ಕೂರಿಸಿದ ಎರಡು ಆಕ್ಸಲ್‌ಗಳಲ್ಲಿ ಅದು ಸಾಧ್ಯವೇ ಇಲ್ಲ. ಹಾಗಾಗಿ ಪ್ರತಿ ತಿರುವಿನಲ್ಲೂ ಟೈರುಗಳು ಅಡ್ಡಕ್ಕೆ ಎಳೆಯಲ್ಪಡುತ್ತವೆ. ಉಕ್ಕಿನ ಪದರಗಳ ನಡುವೆ ಕತ್ತರಿಯಂಥ ಒತ್ತಡ ಬೀಳುತ್ತದೆ. ಅದು ವರ್ಷಗಟ್ಟಲೆ ಕೂಡುತ್ತಾ ಹೋಗಿ ಬಿರುಕಾಗಿ, ಒಂದು ದಿನ ಬಿಸಿಲಲ್ಲಿ ಪೂರ್ತಿ ಬಿಡುತ್ತದೆ.

ತಿರುವನ್ನು ದೊಡ್ಡದಾಗಿ ತೆಗೆದುಕೊಳ್ಳಿ. ಹಿಂದಕ್ಕೆ ಸರಿಸುವಾಗ ಜಾಗವಿದ್ದರೆ ಎರಡು ಮೂರು ಬಾರಿ ಮುಂದೆ ಹಿಂದೆ ಮಾಡಿ. ಭಾರದ ಉಳಿಕೆ ಮತ್ತು ಪೂರ್ತಿ ಗಾಳಿ ಈ ಒತ್ತಡವನ್ನೂ ತಗ್ಗಿಸುತ್ತವೆ.

ಪದರ ಬಿಡುತ್ತಿರುವುದನ್ನು ಮೊದಲೇ ಕಂಡುಹಿಡಿಯಬಹುದೇ?

ಪ್ರಯತ್ನಿಸಬಹುದು. ಜಾಕ್ ಹಾಕಿ ಚಕ್ರ ಎತ್ತಿ, ಟ್ರೆಡ್‌ಗೆ ತಾಕುವಂತೆ ಒಂದು ಕಡ್ಡಿಯನ್ನು ಅಲುಗದಂತೆ ನಿಲ್ಲಿಸಿ ಚಕ್ರವನ್ನು ನಿಧಾನವಾಗಿ ತಿರುಗಿಸಿ. ಕಡ್ಡಿಗೂ ಟೈರಿಗೂ ನಡುವಿನ ಸಂದು ಒಂದು ಜಾಗದಲ್ಲಿ ಕಿರಿದಾಗಿ ಮತ್ತೆ ಅಗಲವಾದರೆ, ಅಥವಾ ಟ್ರೆಡ್‌ನ ಗೆರೆ ಹಾವಿನಂತೆ ಅತ್ತಿತ್ತ ಹೋದರೆ, ಟೈರನ್ನು ಬಿಚ್ಚಿಸಿ ತೋರಿಸಿ. ನಾಲ್ಕು ಟೈರು ನೋಡಲು ಒಂದು ಗಂಟೆ ಸಾಕು.

ಒಂದು ಟೈರು ಸಿಡಿಯಿತು. ಅದೊಂದನ್ನೇ ಬದಲಿಸಿದರೆ ಸಾಕೇ?

ಅದೇ ಬದಿಯ ಪಕ್ಕದ ಟೈರನ್ನೂ ಬದಲಿಸಿ. ಜೊತೆಗಾರ ಸತ್ತ ಕ್ಷಣದಿಂದ ನೀವು ನಿಲ್ಲಿಸುವವರೆಗೆ ಆ ಟೈರು ಹೆಚ್ಚುಕಡಿಮೆ ಎರಡರ ಭಾರವನ್ನೂ ಒಂಟಿಯಾಗಿ ಹೊತ್ತಿರುತ್ತದೆ. ಹೊರಗೆ ಏನೂ ಕಾಣದಿದ್ದರೂ ಒಳಗೆ ಪೆಟ್ಟಾಗಿರುತ್ತದೆ.

ಒಂದೇ ಅಂಚು ಸವೆಯುತ್ತಿದೆ. ಟೈರಿನ ದೋಷವೇ?

ಬಹುಪಾಲು ಆಕ್ಸಲ್ ಬಾಗಿದೆ ಅಥವಾ ಓರೆಯಾಗಿದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುಭಾಗ ಮಾತ್ರ ಸವೆದಿದ್ದರೆ ಹೆಚ್ಚು. ಆಕ್ಸಲ್ ಸರಿಮಾಡಿಸದೆ ಹೊಸ ಟೈರು ಹಾಕಿದರೆ ಅದೂ ಹಾಗೆಯೇ ಹೋಗುತ್ತದೆ.

ಎಲ್‌ಟಿಗೆ ಪರೀಕ್ಷೆ ಕಠಿಣ ಎಂದಿರಿ. ಹಾಗಾದರೆ ಎಸ್‌ಟಿ ನಂಬಬಾರದೇ?

ಅಮೆರಿಕದ ಸುರಕ್ಷತಾ ನಿಯಮ 139 ಪಿ ಮತ್ತು ಎಲ್‌ಟಿ ಟೈರುಗಳಿಗೆ ಹೊಸ, ಹೆಚ್ಚು ವೇಗದ ಪರೀಕ್ಷೆಗಳನ್ನು ತಂದಿತು. ಎಸ್‌ಟಿ ಟೈರುಗಳನ್ನು ಅದರಿಂದ ಹೊರಗಿಟ್ಟು ಹಳೆಯ ನಿಯಮದಡಿಯಲ್ಲೇ ಬಿಟ್ಟರು. ಅಂದರೆ ಕಾನೂನು ಬೇಡುವ ಕನಿಷ್ಠ ಮಟ್ಟ ಎಸ್‌ಟಿಗೆ ಕೆಳಗಿದೆ. ಆ ಮಟ್ಟಕ್ಕಿಂತ ಬಹಳ ಮೇಲೆ ನಿಲ್ಲುವ ಎಸ್‌ಟಿ ಟೈರುಗಳೂ ಇವೆ, ಅಷ್ಟಕ್ಕೇ ನಿಲ್ಲುವವೂ ಇವೆ. ಎಂ ಅಥವಾ ಎನ್ ವೇಗದ ಗುರುತು, ಉಕ್ಕಿನ ಪದರದ ಮೇಲೆ ನೈಲಾನ್ ಹೊದಿಕೆ, ಕೆಟ್ಟರೆ ಬದಲಿಸಿಕೊಡುವ ಸ್ಪಷ್ಟ ಭರವಸೆ: ಈ ಮೂರನ್ನು ಕೇಳಿ ಕೊಳ್ಳಿ. ಎಲ್ಲಕ್ಕಿಂತ ಅಗ್ಗದ್ದನ್ನು ತರಬೇಡಿ.

ನನ್ನದು ತುಂಬಾ ಭಾರದ ಟ್ರೇಲರ್. ಜಿ ಶ್ರೇಣಿಯ ಪೂರ್ತಿ ಉಕ್ಕಿನ ಟೈರು ಹಾಕಿಸಲೇ?

ಆಕ್ಸಲ್‌ಗೆ 7000 ಪೌಂಡ್ ಇದ್ದು, ಇ ಶ್ರೇಣಿಯಲ್ಲಿ ಉಳಿಕೆಯೇ ಇಲ್ಲದವರಿಗೆ ಅದು ಸರಿಯಾದ ದಾರಿ. ಜಿ ಎಂದರೆ 14 ಪ್ಲೈ, ಗಾಳಿ 110 ಪಿಎಸ್‌ಐ. ಪಕ್ಕೆಯಲ್ಲೂ ಉಕ್ಕಿನ ತಂತಿ ಇರುತ್ತದೆ. 80 ಪಿಎಸ್‌ಐಗೆ ಮಾಡಿದ ರಿಮ್ ಇದಕ್ಕೆ ನಡೆಯದು, ಆದ್ದರಿಂದ ರಿಮ್, ವಾಲ್ವ್ ಎರಡೂ ಹೊಸದಾಗಬೇಕು. ಸಣ್ಣ ಪಂಪುಗಳು 110 ಮುಟ್ಟುವುದೇ ಇಲ್ಲ. ಗಾಳಿ ಎಲ್ಲಿ ಹಾಕಿಸುತ್ತೀರಿ ಎಂದು ಮೊದಲೇ ಯೋಚಿಸಿ.

ಒತ್ತಡ ತೋರಿಸುವ ಸೆನ್ಸರ್ ಹಾಕಿಸುವುದು ದುಂದುವೆಚ್ಚವೇ?

ಅಲ್ಲ. ಮುಂದೆ ಕುಳಿತವರಿಗೆ ಹಿಂದಿನ ಟೈರಿನ ಸುದ್ದಿ ಮುಟ್ಟಿಸುವುದು ಅದೊಂದೇ. ಗಾಳಿ ನಿಧಾನವಾಗಿ ಸೋರುತ್ತಿದ್ದರೆ ಸಿಡಿಯುವ ಮುಂಚೆ ನಿಲ್ಲಿಸಬಹುದು. ಪದರ ಬಿಡುವುದನ್ನು ಮಾತ್ರ ಅದು ಹೇಳಲಾರದು. ಮೇಲ್ಪದರ ಕೀಳುವವರೆಗೂ ಒಳಗಿನ ಗಾಳಿ ಹಾಗೆಯೇ ಇರುತ್ತದೆ. ವಾಲ್ವ್‌ನ ತುದಿಗೆ ತಿರುಗಿಸಿ ಹಾಕುವ ಸೆನ್ಸರ್ ಆದರೆ ಲೋಹದ ವಾಲ್ವ್ ಇರಲಿ, ರಬ್ಬರಿನದು ಆ ತೂಕಕ್ಕೆ ಓಲಾಡಿ ಬುಡದಲ್ಲಿ ಸೀಳುತ್ತದೆ.

ಹೊಸ ಟೈರು ಹಾಕಿಸಿಕೊಂಡು ಬಂದೆ. ನಾಳೆ ಹೊರಡುತ್ತೇವೆ. ಇನ್ನೇನಾದರೂ ಇದೆಯೇ?

ಎಷ್ಟು ಬಿಗಿದಿದೆ ಎಂದು ತೋರಿಸುವ ಪಾನಾ, ಅಂದರೆ ಟಾರ್ಕ್ ರೆಂಚ್, ಜೊತೆಗಿಡಿ. ಚಕ್ರ ಬಿಚ್ಚಿ ಹಾಕಿದ ಮೇಲೆ ನಟ್‌ಗಳು ಮೊದಲ ಓಟದಲ್ಲಿ ಸಡಿಲವಾಗುತ್ತವೆ. 15, 40, 80 ಕಿಲೋಮೀಟರ್‌ಗಳಲ್ಲಿ ನಿಲ್ಲಿಸಿ, ನಿಮ್ಮ ಟ್ರೇಲರ್‌ನ ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿಯಿರಿ. ಒಂದರ ನಂತರ ಅದರ ಎದುರಿನದು, ಹೀಗೆ ನಕ್ಷತ್ರದ ಕ್ರಮದಲ್ಲಿ. ಸ್ಟೆಪ್ನಿಯ ಗಾಳಿಯನ್ನು ಇವತ್ತೇ ನೋಡಿ. ನಿಮ್ಮ ಕಾರಿನ ಜಾಕ್ ಟ್ರೇಲರನ್ನು ಎತ್ತುತ್ತದೆಯೇ, ನಟ್‌ಗೆ ಕೂರುವ ಪಾನಾ ಇದೆಯೇ ಎಂಬುದನ್ನೂ ಮನೆಯ ಮುಂದೆಯೇ ಒಂದು ಚಕ್ರ ಬಿಚ್ಚಿ ಹಾಕಿ ಖಚಿತಪಡಿಸಿಕೊಳ್ಳಿ.